ಬಯಕೆಯ ಊಟಕ್ಕೆ ಕರೆಯದೆ ಬಂದ ನೊಣಗಳು

ವಾಮದಪದವಿನ ನಮ್ಮ ಮನೆಯಲ್ಲಿ ಕಳೆದ ವರ್ಷ ಹಲಸಿನ ಹಣ್ಣಿನ ಸಮಯಕ್ಕೆ ಒಂದು ಜಗಳ ಎದ್ದಿತು. ಮೊಮ್ಮಗನ ಹೆಂಡತಿಗೆ ಏಳು ತಿಂಗಳು ತುಂಬುತ್ತಿತ್ತು. ಬಯಕೆಯ ಊಟ ಅಂಗಳದಲ್ಲೇ ಆಗಬೇಕು ಎಂದು ನಾನು, ಬಂಟ್ವಾಳದ ಹಾಲ್‌ನಲ್ಲಿ ಎಂದು ಮಗ. ಹಾಲ್ ಊಟ ನನಗೆ ಸರಿಬರುವುದಿಲ್ಲ. ಬಾಯಿಗೆ ತುತ್ತು ಇಡುವಾಗಲೇ ಇನ್ನೊಬ್ಬರು ಕುರ್ಚಿಯ ಹಿಂದೆ ನಿಂತಿರುತ್ತಾರೆ, ಈ ಮುದುಕಿ ಯಾವಾಗ ಏಳುತ್ತಾಳೆ ಎಂದು. ಹುಡುಗಿಗೂ ಮನೆಯಲ್ಲೇ ಆಗಬೇಕಿತ್ತು.

ಆದರೆ ಮಗನ ಮಾತಿನಲ್ಲೂ ಅರ್ಥ ಇತ್ತು. ಮನೆ ತುಂಬ ನೊಣ.

“ಅಮ್ಮ, ಬೆಳ್ತಂಗಡಿಯಿಂದ ಅವಳ ಕಡೆಯವರು ಬರ್ತಾರೆ. ಪಾಯಸ ಬಡಿಸುವ ಮೊದಲೇ ಎಲೆಯಲ್ಲಿ ನೊಣ ಕೂತಿರ್ತದೆ. ನಮ್ಮ ಮರ್ಯಾದೆ ಎಂತ ಆಗ್ಬೇಕು?”

“ಮರ್ಯಾದೆ ಬಿಡು. ಹೊಟ್ಟೆ ಎಂತ ಆಗ್ತದೆ ಅದನ್ನು ಹೇಳು,” ಎಂದೆ.

ನೊಣ ಹೇಲಿನ ಮೇಲೆ ಕೂತ ಕಾಲನ್ನು ತೊಳೆದು ಅನ್ನಕ್ಕೆ ಬರುವುದಿಲ್ಲ. ನೆಂಟರ ಮನೆಯೊಂದರಲ್ಲಿ ಉಂಡು ಬಂದವರು ವಾಂತಿ, ಭೇದಿ ಎಂದು ಮಲಗಿದ್ದನ್ನು ನಾನೇ ಕಂಡಿದ್ದೇನೆ. ಬಸುರಿಗೆ ಹಾಗಾದರೆ ಮೈಯ ನೀರು ಬತ್ತಿ ಮಗುವಿಗೂ ತೊಂದರೆ, ನೊಣ ಕೂತದ್ದನ್ನು ತಿನ್ನಬೇಡ ಎಂದು ಮೂಡುಬಿದಿರೆಯ ಡಾಕ್ಟ್ರು ಹುಡುಗಿಗೆ ಹೇಳಿದ್ದರು. ಹಾಗಾಗಿ ನಾನೇ ತೀರ್ಮಾನ ಕೊಟ್ಟೆ. ನೊಣ ಹೋದರೆ ಮನೆಯಲ್ಲಿ, ಹೋಗದಿದ್ದರೆ ಹಾಲ್‌ನಲ್ಲಿ.

ಮಗ ಹೋಟೆಲಿನವರನ್ನು ನೋಡಿ ಪ್ಲಾಸ್ಟಿಕ್ ಕವರಿಗೆ ನೀರು ತುಂಬಿಸಿ ಬಾಗಿಲಿಗೆ ಕಟ್ಟಿದ. ನೊಣಗಳು ಬಂದು ಆ ಕವರಿನ ಮೇಲೆಯೇ ಕೂತವು. ಸೊಸೆ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸಿದಳು. ಒಣಗುವ ತನಕ ಅವು ಗೋಡೆಯಲ್ಲಿ ಕಾದು ಕೂತಿದ್ದವು.

ಕೊನೆಗೆ ಕೆಲಸಕ್ಕೆ ಬಂದದ್ದು ಬಸುರಿಯ ಮೂಗು. ಬಚ್ಚಲಿನ ಹಿಂದೆ ಬಟ್ಟೆ ಹರವಲು ಹೋದವಳು ಮೂಗಿಗೆ ಸೆರಗು ಹಿಡಿದುಕೊಂಡು ಓಡಿ ಬಂದಳು.

“ಅಜ್ಜೀ, ಅಲ್ಲಿ ಎಂತದೋ ಸತ್ತಿದೆ!”

ಸತ್ತದ್ದು ಏನೂ ಇರಲಿಲ್ಲ. ನನ್ನ ಸೊಸೆಯ ಬಕೆಟ್ ಇತ್ತು. ಬಯಕೆಯ ದಿನ ಹುಡುಗಿಯ ಜಡೆಗೆ ಮನೆಯದೇ ಮಲ್ಲಿಗೆ ಬೇಕು ಎಂದು ಅವಳು ಗಿಡಕ್ಕೆ ಹಾಕಲು ಕಡಲೆಹಿಂಡಿ ನೆನೆಸಿ, ಮೇಲೆ ಗೋಣಿ ಮುಚ್ಚಿಟ್ಟಿದ್ದಳು. ಹಿಂಡಿ ಕೊಳೆತಷ್ಟೂ ಹೂ ಜಾಸ್ತಿ ಎಂದು ನಮ್ಮ ಕಡೆಯ ನಂಬಿಕೆ. ಕೋಲಿನಿಂದ ಗೋಣಿ ಎತ್ತಿದೆ. ಒಳಗೆ ಬಿಳಿ ಹುಳ ಗಿಜಿಗಿಜಿ.

“ಮಾಮಿ, ಅದು ಗೊಬ್ಬರ, ಮುಟ್ಬೇಡಿ,” ಎಂದು ಸೊಸೆ ಓಡಿ ಬಂದಳು.

“ಗೊಬ್ಬರವಾ? ನೊಣದ ಹೆರಿಗೆ ಆಸ್ಪತ್ರೆ ಮಾರಾಯ್ತಿ ಇದು! ನಮ್ಮ ಹುಡುಗಿಯದ್ದು ಒಂದು ಹೆರಿಗೆ ಆಗುವಾಗ ಇಲ್ಲಿ ಸಾವಿರ ಆಗ್ತದೆ.”

ಹುಡುಗಿ ಮೂಗು ಮುಚ್ಚಿಕೊಂಡೇ ನಕ್ಕಳು. “ಅಜ್ಜಿ, ನಗಿಸ್ಬೇಡಿ, ಒಳಗಿನದ್ದು ಒದೀತದೆ!” ಸೊಸೆಗೂ ನಗು ತಡೆಯಲಿಲ್ಲ.

ಬಕೆಟನ್ನು ಆಳದ ಗುಂಡಿಗೆ ಸುರಿದು ಮಣ್ಣು ಮುಚ್ಚಿ ತುಳಿಸಿದೆ. ಆಮೇಲೆ ಒಣ ಹಿಂಡಿಯನ್ನೇ ಪುಡಿ ಮಾಡಿ ಮಲ್ಲಿಗೆಯ ಬುಡದ ಮಣ್ಣಿನೊಳಗೆ ಸೇರಿಸಿದ್ದು. ಮೀನು ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲುವುದು ಬಂದ್. ಹಲಸಿನ ಸಿಪ್ಪೆ ಆ ದಿನವೇ ಗುಂಡಿಗೆ, ಮೇಲೆ ಮಣ್ಣು. ಕಕ್ಕಸಿನ ಗುಂಡಿಯ ಗಾಳಿ ಪೈಪಿನ ಬಾಯಿಗೆ ಬಲೆ. ಅನ್ನ, ಸಾರು, ಹಾಲು, ಯಾವುದೂ ತೆರೆದು ಇಡುವ ಹಾಗಿಲ್ಲ. ಸೊಸೆ ಗೊಣಗಿದಳು, ಆದರೆ ಮಾಡಿದಳು. ನೊಣ ಮರುದಿನವೇ ಓಡಲಿಲ್ಲ. ಹುಟ್ಟಿದ್ದು ಸಾಯಬೇಕಲ್ಲ. ಹೊಸದು ಹುಟ್ಟದ ಕಾರಣ ಹದಿನೈದು ದಿನ ಕಳೆಯುವಾಗ ಗೋಡೆ ಬೆಳ್ಳಗೆ ಕಾಣತೊಡಗಿತು. ಮಗ ಮತ್ತೆ ಬಂಟ್ವಾಳದ ಹಾಲ್‌ನ ಸುದ್ದಿ ಎತ್ತಲಿಲ್ಲ.

ಬಯಕೆ ಅಂಗಳದಲ್ಲೇ ಆಯಿತು. ಜಡೆ ತುಂಬ ನಮ್ಮದೇ ಮಲ್ಲಿಗೆ. ಕೊಳೆಯದ ಹಿಂಡಿಗೂ ಗಿಡ ಹೂ ಬಿಟ್ಟಿತು. ಬೆಳ್ತಂಗಡಿಯ ಬೀಗಿತ್ತಿ ಊಟದ ಉದ್ದಕ್ಕೂ ಎಡಗೈಯನ್ನು ಎಲೆಯ ಮೇಲೆ ಬೀಸುತ್ತಲೇ ಇದ್ದರು.

“ಎಂತ ಓಡಿಸುದು ನೀವು?” ಎಂದು ಕೇಳಿದೆ.

ಅವರು ಎಲೆ ನೋಡಿದರು, ಕೈ ನೋಡಿದರು. “ಅಯ್ಯೋ, ಒಂದೂ ಇಲ್ಲ ಅಲ್ವಾ! ಅಭ್ಯಾಸ ಮಾರಾಯ್ರೆ.”

ಆಗ ಮಗ ಬಾಗಿಲಿನ ನೀರಿನ ಕವರನ್ನು ತೋರಿಸಿ, “ನೊಣ ಓಡಿಸಿದ್ದು ಅದು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹುಡುಗಿ ನನ್ನ ಮುಖ ನೋಡಿದಳು. ನನ್ನ ಬಾಯಿ ತುಂಬ ಪಾಯಸ ಇತ್ತು. ಹಿಂದೆ ಕುರ್ಚಿಗೆ ಕಾಯುವವರು ಯಾರೂ ಇರಲಿಲ್ಲ. ಇನ್ನೊಂದು ಸೌಟು ಹಾಕು ಎಂದು ಸೊಸೆಗೆ ಕೈಸನ್ನೆ ಮಾಡಿದೆ.