ನವಿಲು ಡಬ್ಬಿಯ ಸಾಕ್ಷಿ

ಐವತ್ತರ ದಶಕದ ಮುಂಬಯಿಯಲ್ಲಿ ನಾನಿನ್ನೂ ಜೂನಿಯರ್ ವಕೀಲ. ನಮ್ಮ ಕಕ್ಷಿದಾರ ಸಾಹುಕಾರರು ಬೈಕುಲ್ಲಾದಲ್ಲಿ ಊದಿನಕಡ್ಡಿ ಮಾಡಿಸುತ್ತಿದ್ದರು. ಅವರ ಡಬ್ಬಿಯ ಮೇಲಿನ ನವಿಲಿನ ಚಿತ್ರವನ್ನು ಇನ್ನೊಬ್ಬ ಕದ್ದು ತನ್ನ ಡಬ್ಬಿಗೆ ಹಾಕಿಕೊಂಡಿದ್ದ. ಇದರಿಂದ ಗಿರಾಕಿಗಳು ಮೋಸಹೋಗುತ್ತಾರೆಂದು ಕೋರ್ಟಿಗೆ ತೋರಿಸಬೇಕಿತ್ತು. ಅದಕ್ಕೆ ಅವರ ಹಳೆಯ ಗಿರಾಕಿ, ವಿಜಾಪುರ ಕಡೆಯ ಗಂಗವ್ವನವರನ್ನು ಅವರು ಬಾಡಿಗೆಗಿದ್ದ ಚಾಳಿನಿಂದ ಕರೆತಂದಿದ್ದೆ.

ಊಟವಾದ ಮೇಲಿನ ಹೊತ್ತು, ಕೋರ್ಟೇ ತೂಕಡಿಸುತ್ತಿತ್ತು. ಜಡ್ಜರು ಎರಡೂ ಡಬ್ಬಿ ಕೊಡಿಸಿ, ನೀವು ಕೊಳ್ಳುವುದು ಯಾವುದು ಎಂದು ದುಭಾಷಿಯ ಮೂಲಕ ಕೇಳಿದರು. ಗಂಗವ್ವ ನೋಡಲಿಲ್ಲ, ಕಣ್ಣು ಮುಚ್ಚಿ ಮೂಸಿದರು. ತೆರೆದ ಡಬ್ಬಿಯಿಂದ ಮಲ್ಲಿಗೆಯ ವಾಸನೆ ಫ್ಯಾನಿನ ಗಾಳಿಯಲ್ಲಿ ಮೆಲ್ಲಗೆ ಹರಡಿತು. ಟೈಪಿಸ್ಟನ ಕೈ ನಿಂತಿತು. ಜಡ್ಜರು ಎಲ್ಲಿಗೋ ಹೋಗಿ ಬಂದವರಂತೆ ಕಂಡರು.

"ಇದರೀ ಸಾಹೇಬ್ರ, ನಮ್ಮ ಸಾಹುಕಾರ್ರದು," ಎಂದು ಗಂಗವ್ವ ನಕಲಿ ಡಬ್ಬಿ ಎತ್ತಿ ಹಿಡಿದರು.

ಸಾಹುಕಾರರ ಮುಖ ಇಳಿಯಿತು. ನನ್ನ ಸೀನಿಯರ್ ಮಾತ್ರ ಕೂತಲ್ಲೇ ನಕ್ಕರು. ಹಳೆಯ ಗಿರಾಕಿಯೇ ಮೋಸಹೋದ ಮೇಲೆ ಬೇರೆ ಪುರಾವೆ ಯಾಕೆ?

ನಕಲಿ ಡಬ್ಬಿ ಮಾರಬಾರದೆಂದು ತೀರ್ಪು ಬಂದಾಗ ತಿಳಿಸಲು ಚಾಳಿಗೆ ಹೋದೆ.

"ನಾ ತಪ್ಪು ಹೇಳಿದ್ನೇನ್ರೀ ವಕೀಲ್ರ?" ಎಂದರು ಗಂಗವ್ವ ಹೆದರುತ್ತ.

"ನೀವು ತಪ್ಪಿದ್ದಕ್ಕ ನಾವು ಗೆದ್ದಿವಿ, ಅವ್ವಾರ."

ಅವರ ಮುಖದಲ್ಲಿ ಗೆಲುವು ಕಾಣಲಿಲ್ಲ. "ಹಂಗಾದ್ರ ಆ ಮಲ್ಲಿಗಿ ವಾಸನಿದು ಇನ್ನ ಸಿಗಂಗಿಲ್ಲೇನ್ರೀ?"

ಸಾಹುಕಾರರು ಖುಷಿಯಿಂದ ನನಗೆ ಒಂದು ಡಜನ್ ಅಸಲಿ ಡಬ್ಬಿ ಕಳಿಸಿದರು. ದಿನಾ ಹಚ್ಚಿದೆ. ಹೊಗೆ ಮಾತ್ರ ಚೆನ್ನಾಗಿ ಬರುತ್ತಿತ್ತು.