ಕರಿಕಲ್ಲಿನ ಗುಳ್ಳೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಅಳತೆ ನೋಡುವ ಕೆಲಸಕ್ಕೆ ಸೇರಿದಾಗ ಎಂಬತ್ತರ ದಶಕ ಇನ್ನೂ ಹೊಸದು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಮಾತ್ರ ನಾನು ಮೊದಲ ದಿನವೇ ಕಾಯಂ. ಅವ್ವ ಆಗಲೇ ಹೆಣ್ಣು ನೋಡಲು ಶುರುಮಾಡಿದ್ದಳು.

ಕಾರ್ಖಾನೆಯಲ್ಲಿ ನಮ್ಮ ಅಳತೆ ಕೋಣೆಯ ದೇವರು ಮಂಚದಗಲದ ಒಂದು ಕರಿಕಲ್ಲು. ಸರ್ಫೇಸ್ ಪ್ಲೇಟ್ ಎಂದು ಅದರ ಹೆಸರು. ಅದಕ್ಕಿಂತ ಸಮವಾದದ್ದು ಇಡೀ ಕಾರ್ಖಾನೆಯಲ್ಲಿ ಇರಲಿಲ್ಲ, ಹಾಗಾಗಿ ಪ್ರತಿ ಬಿಡಿಭಾಗವನ್ನೂ ಅದರ ಮೇಲಿಟ್ಟೇ ಅಳೆಯಬೇಕು. ಇನ್‌ಚಾರ್ಜ್ ಮೇಡಂ ಅದರ ಮೇಲೆ ಟೀ ಲೋಟ ಇಡಲೂ ಬಿಡುತ್ತಿರಲಿಲ್ಲ.

"ಭೂಮಿ ಒಳಗಿನ ಬೆಂಕಿರಸ ಕಣ್ರೀ ಇದು. ಬಿಳಿಬಂಡೆ ಸೀಳಲ್ಲಿ ನುಗ್ಗಿ, ಅಲ್ಲೇ ನಿಧಾನಕ್ಕೆ ಆರಿ ಗಟ್ಟಿಯಾಗಿದೆ. ಅದಕ್ಕೇ ಹರಳೆಲ್ಲ ಒಂದಕ್ಕೊಂದು ಕಚ್ಕೊಂಡಿದೆ" ಎನ್ನುತ್ತಿದ್ದರು.

ನನಗೆ ನಂಬಿಕೆ ಬರಲಿಲ್ಲ. ನಮ್ಮ ಹೊಲದ ನಡುವೆಯೂ ಬಿಳಿಬಂಡೆಯನ್ನು ಸೀಳಿಕೊಂಡು ಇಂಥದೇ ಕರಿಕಲ್ಲಿನ ಸಾಲು ಹೋಗಿತ್ತು. ಅದರ ಮೇಲೆ ನಾವು ಬಟ್ಟೆ ಒಗೆಯುತ್ತಿದ್ದೆವು, ಹಬ್ಬ ಬಂದರೆ ಕಾಯಿ ಒಡೆಯುತ್ತಿದ್ದೆವು. ಬೆಂಕಿಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ಆಯುಧಪೂಜೆ ಬಂತು. ಲೇತುಗಳಿಗೆ ಬಾಳೆಕಂದು, ಮೈಕ್ರೋಮೀಟರಿಗೂ ಕುಂಕುಮ. ನಮ್ಮ ಕೋಣೆಯಲ್ಲಿ ಕಾಯಿ ಒಡೆಯುವ ಗೌರವ ನನ್ನ ಪಾಲಿಗೆ ಬಂತು. ಗಂಟೆ ಬಾರಿಸಿದ್ದೇ ತಡ, ಎದುರಿಗೆ ಕರಿಕಲ್ಲು ಕಂಡಿತು, ಕೈ ಹಳೇ ಅಭ್ಯಾಸದಂತೆ ಕಾಯಿಯನ್ನು ಅದಕ್ಕೇ ಕುಟ್ಟಿತು. ಒಡೆಯಲಿಲ್ಲ. ಮೊದಲ ಏಟಿಗೆ ಒಡೆಯದಿದ್ದರೆ ಅಪಶಕುನವಲ್ಲವೇ? ಗಾಬರಿಯಲ್ಲಿ ಪಕ್ಕದ ಸುತ್ತಿಗೆ ಎತ್ತಿ ಬಾರಿಸಿದೆ. ಕಾಯಿ ಜಾರಿತು, ಏಟು ಕಲ್ಲಿಗೆ ಬಿತ್ತು, ಸಾಸಿವೆ ಕಾಳಿನಷ್ಟು ಚೂರು ಹಾರಿತು.

ಕೆಲಸ ಹೋಯಿತು, ಅವ್ವ ನೋಡಿದ್ದ ಹೆಣ್ಣೂ ಹೋಯಿತು ಎಂದುಕೊಂಡೆ.

ಮೇಡಂ ಕೂದಲೆಳೆಯ ಉಬ್ಬುತಗ್ಗನ್ನೂ ತೋರಿಸುವ ಡಯಲ್ ಗೇಜ್ ತಂದು ಗುಳಿಯ ಮೇಲೆ, ಸುತ್ತಮುತ್ತ ಓಡಿಸಿದರು. ಮುಳ್ಳು ಗುಳಿಯಲ್ಲಿ ಇಳಿಯಿತೇ ಹೊರತು ಸುತ್ತ ಎಲ್ಲೂ ಏಳಲಿಲ್ಲ.

"ಎರಕದ ಕಬ್ಬಿಣ ಆಗಿದ್ರೆ ಏಟಿಗೆ ಅಂಚು ಉಬ್ಕೊಂಡು ಅಳತೆ ಎಲ್ಲಾ ಕೆಡ್ತಿತ್ತು. ಕಲ್ಲು ಉಬ್ಬಲ್ಲ, ಒಂದು ಕಣ ಉದುರಿಸ್ಕೊಂಡು ಸುಮ್ನಾಗುತ್ತೆ" ಎಂದರು.

ಕಲ್ಲೇನೋ ಬದುಕಿತು, ನಾನು? ಅಷ್ಟರಲ್ಲಿ ಪ್ರಸಾದಕ್ಕೆ ಬಂದ ಮಾಲೀಕರು ನೇರ ಆ ಗುಳಿಯ ಮೇಲೇ ಬೆರಳಿಟ್ಟರು. "ಏನ್ರೀ ಇದು?"

ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ಗುಳ್ಳೆ ಸಾರ್. ಕೋಟ್ಯಂತರ ವರ್ಷದ ಹಿಂದೆ ಕಲ್ಲು ಕುದೀವಾಗ ಬಂದಿದ್ದು. ಅಳತೆಗೇನೂ ತೊಂದ್ರೆ ಇಲ್ಲ" ಎಂದರು. ಮಾಲೀಕರು ಭಕ್ತಿಯಿಂದ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟರು.

ಅವರು ಹೋದ ಮೇಲೆ ಮೆಲ್ಲಗೆ ಕೇಳಿದೆ, "ನಿಜವಾಗ್ಲೂ ಗುಳ್ಳೆ ಬರುತ್ತಾ ಮೇಡಂ?"

"ನೆಲದ ಮೇಲೆ ಉಕ್ಕಿ ಹರಿದ ಕಲ್ಲಲ್ಲಿ ಬರುತ್ತೆ. ಇದು ಒಳಗೇ ಅದುಮಿಸ್ಕೊಂಡು ಆರಿದ್ದು, ಇದ್ರಲ್ಲಿ ಎಲ್ಲಿಂದ ಬರ್ಬೇಕು? ಬಾಯ್ ಮುಚ್ಕೊಂಡು ಹೋಗಿ ಕಾಯಿ ಹೊರಗಡೆ ಒಡ್ಕೊಂಡ್ ಬನ್ನಿ."

ಅಳತೆಯಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸದ ಹೆಂಗಸು ನನಗಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದ್ದರು. ಹೊರಗೆ ಹೋದವನಿಗೆ ಕಣ್ಣಲ್ಲಿ ನೀರು ಬಂತು.

ಸಂಕ್ರಾಂತಿಯ ಹೊತ್ತಿಗೆ ಕಾಯಂ ಪತ್ರ ಕೈ ಸೇರಿತು. ಮಾಲೀಕರೋ, ಬಂದ ಗಿರಾಕಿಗಳನ್ನೆಲ್ಲ ನಮ್ಮ ಕೋಣೆಗೆ ಕರೆತಂದು ಗುಳ್ಳೆ ತೋರಿಸತೊಡಗಿದರು. ವಿವರಿಸುವ ಕೆಲಸ ನನ್ನದು. ನಾನು ಕೈಕಟ್ಟಿ ನಿಂತು ಕೋಟ್ಯಂತರ ವರ್ಷದ ಕಥೆಯನ್ನು ಗಿಣಿಪಾಠ ಒಪ್ಪಿಸುವಾಗ, ಮೇಡಂ ಗೋಡೆ ಕಡೆ ತಿರುಗಿ ಕೆಮ್ಮುತ್ತಿದ್ದರು.