ಎಡಗಡೆಯ ಸೀಟಿನ ಕೆಳಗಿನ ನೀರು

ದೆವ್ವ, ಪೀಡೆ, ಗಾಳಿ ಸೋಕಿದ್ದು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದ ಮನುಷ್ಯ. ಎದ್ದು ಹೋಗದಿದ್ದರೆ ಕೂತು ಹೇಳುವವರ ಕಾಲೆಳೆಯುತ್ತಿದ್ದೆ. ಅದಕ್ಕೆ ನನ್ನ ಕಸುಬೂ ಕಾರಣವಿರಬಹುದು. ಹೈದರಾಬಾದಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವೈರಿಂಗ್ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡಾಗಿತ್ತು. ದೀಪ ತಾನಾಗಿ ಹೊತ್ತಿದರೆ ಎಲ್ಲೋ ಎರಡು ತಂತಿ ತಾಗಿವೆ ಎಂದರ್ಥ, ಹುಡುಕಿದರೆ ಸಿಗುತ್ತದೆ. ಹುಡುಕಿಯೂ ಸಿಗದ ಒಂದು ಸಂಗತಿಯನ್ನು ಈಗ ಬರೆಯುತ್ತಿದ್ದೇನೆ. ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಆಗ ಊರಿಗೆಲ್ಲ ಸಾಫ್ಟ್‌ವೇರಿನ ಹುಚ್ಚು ಹಿಡಿದಿತ್ತು. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿತ ಹುಡುಗರು ಮೀಸೆ ಬಲಿಯುವ ಮುಂಚೆಯೇ ಫ್ಲ್ಯಾಟ್ ಕೊಳ್ಳುತ್ತಿದ್ದರು. ಅವರನ್ನು ನೋಡಿ ನಮ್ಮಂಥವರಿಗೂ ಆಸೆ. ನನ್ನ ಆಸೆ ಒಂದು ಹಳೆಯ ಕಾರಿಗೆ ಮುಗಿಯಿತು. ಮಲ್ಕಾಜ್‌ಗಿರಿಯ ಮನೆಯಿಂದ ಬಾಲಾನಗರಕ್ಕೆ ಅದರಲ್ಲೇ ಓಡಾಟ. ಎಡಗಡೆಯ ಸೀಟಿನಲ್ಲಿ ಬಸವರಾಜ. ರಾಯಚೂರಿನವನು, ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದ, ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ. ದಿನವೆಲ್ಲ ತೆಲುಗು, ಹಿಂದಿ ಆಡಿ ದಣಿದ ನಾಲಿಗೆಗಳಿಗೆ ಆ ಕಾರಿನೊಳಗೆ ಕನ್ನಡ ಸಿಗುತ್ತಿತ್ತು. ಆ ಊರಿನಲ್ಲಿ ನನಗೆ ಅವನಿಗಿಂತ ಹತ್ತಿರದವರು ಯಾರೂ ಇರಲಿಲ್ಲ.

ಮೊದಲ ಮಳೆಗಾಲದಲ್ಲೇ ಕಾರು ಸೋರತೊಡಗಿತು. ನೀರು ಬಂದು ನಿಲ್ಲುತ್ತಿದ್ದುದು ಎಡಗಡೆಯ ಸೀಟಿನ ಮುಂದೆ, ಬಸವರಾಜ ಕಾಲಿಡುವ ಜಾಗದಲ್ಲಿ.

“ಸರ, ಕಾರಿನ್ಯಾಗ ಬೋರ್ ಹೊಡಸೀರೇನ್ರಿ? ನನ್ನ ಸಾಕ್ಸ್ ತೊಯ್ದು ತಪ್ಪಡಿ ಆಗ್ಯಾವ,” ಎಂದು ಅವನು ನಗುತ್ತಿದ್ದ.

ಫ್ಯೂಸ್ ಡಬ್ಬಿಯೂ ಅದೇ ಬದಿಗಿತ್ತು. ಹಾಗಾಗಿ ಒಮ್ಮೆ ಹಾರ್ನ್ ಸುಮ್ಮನಾಗುವುದು, ಒಮ್ಮೆ ಒಳಗಿನ ದೀಪ ತಾನೇ ಹೊತ್ತುವುದು, ಇವೆಲ್ಲ ಆಗುತ್ತಿದ್ದವು. ಅದರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವೆಂದರೆ ಇಂಡಿಕೇಟರ್. ಸಂಜೆ ಮನೆಗೆ ಮರಳುವಾಗ, ಬೋಯಿನ್‌ಪಲ್ಲಿ ದಾಟಿದ ಮೇಲೆ ಸಿಗುವ ಒಂದು ಮಣ್ಣಿನ ಗಲ್ಲಿಯ ಹತ್ತಿರ, ನಾನು ಮುಟ್ಟದಿದ್ದರೂ ಎಡಗಡೆಯ ಇಂಡಿಕೇಟರ್ ಟಿಕ್ ಟಿಕ್ ಎಂದು ಶುರುವಾಗುತ್ತಿತ್ತು. ಗಲ್ಲಿ ದಾಟಿದರೆ ನಿಂತುಬಿಡುತ್ತಿತ್ತು. ಅಲ್ಲೊಂದು ಗುಂಡಿಯಿತ್ತು. ಗುಂಡಿಗೆ ಚಕ್ರ ಇಳಿದಾಗ ನೀರು ಅಲುಗಿ ತಂತಿಗೆ ತಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ.

“ಎಡಕ್ಕ ಹೋಗೂಣು ಅನ್ನಾಕತ್ತೈತಿ ನಿಮ್ಮ ಗಾಡಿ. ಯಾಕ ಬ್ಯಾಡ ಅಂತೀರಿ ಪಾಪ,” ಎಂದ ಬಸವರಾಜ.

ಒಂದು ಸಂಜೆ ಅದನ್ನು ನಿಲ್ಲಿಸಲೆಂದು ಅಲ್ಲೇ ರಸ್ತೆಯ ಅಂಚಿಗೆ ಕಾರು ಹಾಕಿ ಸ್ವಿಚ್ಚು ಅಲುಗಾಡಿಸುತ್ತಿದ್ದೆ. ಕೆಲಸವಿಲ್ಲದೆ ಕೂತ ಬಸವರಾಜ ಕಿಟಕಿಯಾಚೆ ನೋಡಿದ. ಗಲ್ಲಿಯ ಬಾಯಲ್ಲಿ ಹೊಸ ಅಪಾರ್ಟ್‌ಮೆಂಟಿನ ಬೋರ್ಡು. ಮೊದಲು ಅಲ್ಲಿ ಒಂದು ಕುಂಟೆ, ಅಂದರೆ ಸಣ್ಣ ಕೆರೆ, ಇತ್ತಂತೆ, ಮಣ್ಣು ತುಂಬಿ ಸೈಟು ಮಾಡಿದ್ದರು. ಆ ಊರಿನಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಬಸವರಾಜ ಸಾಲಸೋಲ ಮಾಡಿ ಅಲ್ಲಿಯೇ ಒಂದು ಫ್ಲ್ಯಾಟ್ ಕೊಂಡು, ಹೆಂಡತಿ, ಅಂಬೆಗಾಲಿಡುವ ಮಗಳು, ರಾಯಚೂರಿನಿಂದ ಕರೆಸಿಕೊಂಡ ತಾಯಿ, ಎಲ್ಲರೊಂದಿಗೆ ಬಂದು ನೆಲೆಸಿದ. ಜೀವಮಾನದಲ್ಲಿ ಅವನು ಮಾಡಿದ ಒಂದೇ ಆಸ್ತಿ ಅದು.

“ಈ ಮನಿ ನಿಮ್ಮ ಗಾಡೀನ ತೋರ್ಸಿದ್ದು ನೋಡ್ರಿ,” ಎಂದು ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದ. ನನಗೂ ಹೆಮ್ಮೆಯೇ. ಗೃಹಪ್ರವೇಶದ ದಿನ ನಾನು ಊರಿನಲ್ಲಿರಲಿಲ್ಲ. ಆಮೇಲೂ ಅವನನ್ನು ದೊಡ್ಡ ರಸ್ತೆಯಲ್ಲೇ ಇಳಿಸುತ್ತಿದ್ದೆ. ಕೆಸರಿನ ಗಲ್ಲಿಗೆ ಕಾರು ತಿರುಗಿಸಿದವನೇ ಅಲ್ಲ.

ಅಷ್ಟರಲ್ಲಿ ಸೋರಿಕೆ ಎಲ್ಲಿಂದೆಂದು ನಾನು ಕಂಡುಹಿಡಿದಿದ್ದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಕಡೆ, ಮಳೆನೀರು ಹರಿದುಹೋಗಲು ಒಂದು ಕಾಲುವೆ ಇರುತ್ತದೆ. ಅದರ ತೂತಿಗೆ ಬೇವಿನ ಎಲೆ ಕೊಳೆತು ಕಟ್ಟಿಕೊಂಡಿತ್ತು. ಎಲ್ಲ ತೆಗೆದು, ಸಂದುಗಳಿಗೆ ಮೇಣ ಮೆತ್ತಿ, ಪೈಪು ಹಿಡಿದು ನೀರು ಬಿಟ್ಟು ನೋಡಿದೆ. ಒಂದು ಹನಿ ಒಳಗೆ ಬರಲಿಲ್ಲ. ಆದರೂ ಇಂಡಿಕೇಟರ್ ಬುದ್ಧಿ ಬಿಡಲಿಲ್ಲ. ಒಂದು ದಿನ ಬೇಸತ್ತು, ಕಾರ್ಖಾನೆಯ ಅಂಗಳದಲ್ಲಿ ಅದರ ಫ್ಯೂಸನ್ನೇ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ತಿರುವುಗಳಲ್ಲಿ ಕೈ ತೋರಿಸಿಕೊಂಡು ಮನೆಗೆ ಹೋದರಾಯಿತು ಎಂದುಕೊಂಡೆ. ಬಸವರಾಜ ಅಂದು ರಜೆಯಲ್ಲಿದ್ದ.

ಹೊರಟಾಗ ಎಡಗಡೆಯ ಮ್ಯಾಟು ಒಣಗಿತ್ತು. ಮುಟ್ಟಿ ನೋಡಿಯೇ ಹೊರಟಿದ್ದೆ. ದಾರಿಯಲ್ಲಿ ಮಳೆ ಹಿಡಿಯಿತು. ಗಲ್ಲಿ ಇನ್ನೂ ಸ್ವಲ್ಪ ದೂರವಿರುವಾಗಲೇ ಟಿಕ್ ಟಿಕ್ ಕೇಳಿಸಿತು. ಜೇಬು ಮುಟ್ಟಿಕೊಂಡೆ. ಫ್ಯೂಸ್ ಅಲ್ಲಿಯೇ ಇತ್ತು.

ನೀರು ಒಂದು ತಂತಿಯ ಕರೆಂಟನ್ನು ಇನ್ನೊಂದಕ್ಕೆ ದಾಟಿಸಬಲ್ಲದು, ಅದು ನನಗೆ ಗೊತ್ತು. ದೀಪ ಸುಮ್ಮನೆ ಹೊತ್ತಿಕೊಂಡಿದ್ದರೆ ಹಾಗೆಂದೇ ನಂಬುತ್ತಿದ್ದೆ. ಅದು ಮಿಟುಕುತ್ತಿತ್ತು, ಎಡಗಡೆ ಮಾತ್ರ, ಎಂದಿನ ತಾಳದಲ್ಲೇ. ಬ್ರೇಕು ಹಾಕಿದಾಗ ಪಕ್ಕದ ಸೀಟಿನ ಮುಂದೆ ನೀರು ತುಳುಕಿದ ಸದ್ದಾಯಿತು. ಬಗ್ಗಿ ನೋಡಿದರೆ ಮ್ಯಾಟು ಮುಳುಗಿತ್ತು. ಕೆರೆಯ ಕೆಸರಿನ ವಾಸನೆ. ನಾನು ಹೆದರಿದೆ. ಇದನ್ನು ಬೇರೆ ಬಗೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಒಬ್ಬನೇ ಮುಂದೆ ಹೋಗುವ ಧೈರ್ಯವಾಗದೆ, ಬಸವರಾಜನ ಮನೆಯಾದರೂ ಇದೆಯಲ್ಲ ಎಂದು ಕಾರನ್ನು ಎಡಕ್ಕೆ ತಿರುಗಿಸಿದೆ. ತಿರುಗಿಸಿದ ಕೂಡಲೇ ಟಿಕ್ ಟಿಕ್ ನಿಂತಿತು.

ಅವನ ತಾಯಿ ಬಾಲ್ಕನಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ಬಸವರಾಜ ಕೆಳಗೇ ಇಳಿದು ಬಂದ.

“ಏ ಸರ! ಈ ಮಳ್ಯಾಗ ಹೆಂಗ ಬಂದ್ರಿ? ಭಾಳ ಚಲೋ ಆತು, ಬರ್ರಿ ಮ್ಯಾಲ.”

ಅವನ ದನಿ ಕೇಳಿ ಅರ್ಧ ಭಯ ಇಳಿಯಿತು. ಮನೆ ಬೆಳಕಾಗಿತ್ತು, ಮಗು ಕಿಲಕಿಲ ಎನ್ನುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ಅವನ ತಾಯಿ ಚಹಾ ತಂದರು. ನನಗೊಂದು, ಮಗನಿಗೊಂದು ಕೊಟ್ಟು, ಮೂರನೆಯ ಕಪ್ಪನ್ನು ಹಾಲ್‌ನ ಗೋಡೆಯ ಪಕ್ಕ, ಸ್ವಿಚ್‌ಬೋರ್ಡಿನ ಕೆಳಗೆ ನೆಲದ ಮೇಲಿಟ್ಟರು. ತಮಗಿರಬೇಕು ಎಂದುಕೊಂಡೆ. ಆದರೆ ಅವರು ಮತ್ತೆ ಬಾಲ್ಕನಿಗೆ ಹೋಗಿ ಕೂತರು. ಕಪ್ಪಿನ ಚಹಾ ಅಲ್ಲಿಯೇ ಆರಿತು. ನಾನು ಹೊರಟಾಗಲೂ ಅಲ್ಲಿಯೇ ಇತ್ತು.

ಕೆಳಗೆ ಬಂದು ಬಾಗಿಲು ತೆಗೆದರೆ ಮ್ಯಾಟು ಒಣಗಿತ್ತು. ತೇವ ಆರಿದ ಹಾಗಲ್ಲ, ನೀರನ್ನೇ ಕಾಣದ ಹಾಗೆ ಒಣಗಿತ್ತು. ಅಂದಿನಿಂದ ಆ ಕಾರು ಸೋರಲಿಲ್ಲ, ಇಂಡಿಕೇಟರ್ ತಾನಾಗಿ ಹೊತ್ತಲಿಲ್ಲ.

ಬಸವರಾಜನ ಮನೆಯಲ್ಲಿ ನೀರು ಕಾಣಿಸಿಕೊಂಡದ್ದು ಅದಾದ ಸ್ವಲ್ಪ ದಿನಕ್ಕೆ. ಹಾಲ್‌ನ ಗೋಡೆಯಲ್ಲಿ, ಸ್ವಿಚ್‌ಬೋರ್ಡಿನ ಕೆಳಗೆ. ಪ್ಲಂಬರ್ ಗೋಡೆ ಒಡೆದು ನೋಡಿದ. ಒಳಗೆ ಪೈಪೇ ಇರಲಿಲ್ಲ. ಮೇಲಿನ ಮನೆ ಒಣ, ಕೆಳಗಿನ ಮನೆ ಒಣ. ಫ್ಯಾನು ತಾನಾಗಿ ತಿರುಗುವುದು, ದೀಪ ತಾನಾಗಿ ಆರುವುದು ಶುರುವಾಯಿತು. ನಾನು ಮೀಟರು ಹಿಡಿದು ಹೋಗಿ ಆ ಗೋಡೆಯ ಪಕ್ಕ ಮೊಣಕಾಲೂರಿ ಕೂತೆ. ಅದೇ ಕೆಸರಿನ ವಾಸನೆ. ಮೀಟರು ಏನೇನೂ ತೋರಿಸಲಿಲ್ಲ. ಮರುದಿನ ಅದೇ ಗೋಡೆ ಕರೆಂಟು ಹೊಡೆದು ಅವನ ಹೆಂಡತಿಯನ್ನು ಎಸೆಯಿತು. ಆಕೆ ಬದುಕಿದರು. ಆದರೆ ಮಗು ಆ ಗೋಡೆ ಹಿಡಿದೇ ನಿಲ್ಲಲು ಕಲಿಯುತ್ತಿತ್ತು. ಆ ವಾರವೇ ಮನೆಗೆ ಬೀಗ ಹಾಕಿ ಅವರೆಲ್ಲ ಮತ್ತೆ ಬಾಡಿಗೆ ಮನೆಗೆ ಹೋದರು.

ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಬಸವರಾಜನನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಜೇಬಿನ ಫ್ಯೂಸಿನಿಂದ ಒಣಗಿದ ಮ್ಯಾಟಿನವರೆಗೆ ಎಲ್ಲವನ್ನೂ ಹೇಳಿದೆ. ಅವನು ನಗುತ್ತಾನೆ, ನನ್ನ ಕಾಲೆಳೆಯುತ್ತಾನೆ ಎಂದು ಆಸೆಯಿಂದ ಕಾದೆ. ಅವನು ನಗಲಿಲ್ಲ. ಲೋಟವನ್ನು ಬದಿಗೆ ಸರಿಸಿದ.

“ನೀವು ಹೋದ ಮ್ಯಾಲ ಅವ್ವ ನನ್ನ ಕೇಳಿದ್ಳು ಸರ. ‘ಅವ್ರ ಸಂಗಾಟ ಕಾರಿನಿಂದ ಇಳದಾಕಿ ಯಾಕ ಹೋಗ್ಲಿಲ್ಲೋ? ಗ್ವಾಡಿಗೆ ಆತ್ಕೊಂಡು ಕುಂತಾಳಲ್ಲ, ಚಾ ಸೈತ ಮುಟ್ಟಿಲ್ಲ’ ಅಂದ್ಳು. ಮುದುಕಿ, ಕಣ್ಣು ಮಂಜು ಅಂತ ನಾನ ಬೈದು ಸುಮ್ಮನ ಮಾಡಿದ್ದೆ.”

ಜಗಳವೇನೂ ಆಗಲಿಲ್ಲ. ಮರುದಿನದಿಂದ ಬಸವರಾಜ ಬಸ್ಸಿಗೆ ಹೋಗತೊಡಗಿದ. ಎದುರಾದರೆ ನಮಸ್ಕಾರ, ಅಷ್ಟೇ. ನನಗೆ ಅದು ಇಂದಿಗೂ ನೋವು. ಇದರಲ್ಲಿ ನನ್ನ ತಪ್ಪು ಏನೆಂದು ಅವನೂ ಹೇಳಲಾರ, ನಾನೂ ಹೇಳಲಾರೆ. ಕಾರನ್ನು ಆಮೇಲೆ ಮಾರಿದೆ. ಆ ಫ್ಲ್ಯಾಟನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಮೊನ್ನೆ ಆ ದಾರಿಯಲ್ಲಿ ಬರುವಾಗ ಗಲ್ಲಿಯ ಬಾಯಿಂದ ನೋಡಿದೆ. ಬೀಗ ಹಾಕಿದ ಮನೆ, ಕರೆಂಟು ಎಂದೋ ಕಿತ್ತಿದ್ದಾರೆ. ಆದರೂ ಹಾಲ್‌ನ ದೀಪ ಟಿಕ್ ಟಿಕ್ ಎನ್ನುವ ತಾಳದಲ್ಲಿ ಹೊತ್ತಿ ಆರುತ್ತಿತ್ತು.